ಮೂರು ಪಾಯಿಂಟ್

ಮುತ್ತು ತಮಿಳಿನಲ್ಲಿ ಏನು ಬರೆದಿರಬಹುದು ಎಂಬ ಯೋಚನೆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಮೊಲದ ಬಾಯಿಗೆ ಸಿರಿಂಜ್ ಇಡುವಾಗಲೂ ಬಸಲಿಂಗನ ತಲೆಯಿಂದ ಹೋಗಲಿಲ್ಲ. ನಿನ್ನೆ ಪೀಣ್ಯದ ವರ್ಕ್‌ಶಾಪಿನಲ್ಲಿ ಮುತ್ತು ಲೇತ್‌ನಲ್ಲಿ ತೆಗೆದ, ಲೋಹದ ಬಳೆಯಂಥ ನಲವತ್ತು ಬುಶ್‌ಗಳನ್ನು ಅಳತೆ ನೋಡುವ ಇನ್ಸ್‌ಪೆಕ್ಟರಾದ ಅವನು ವಾಪಸ್ ಕಳಿಸಿದ್ದ. ಎರಡು ಪಾಯಿಂಟ್ ಹೆಚ್ಚಿತ್ತು. ಗಡಿಯಾರದಂಥ ಡಯಲ್ ಗೇಜಿನ ಮುಖದ ಮೇಲೆ ನೂರು ಗೆರೆಗಳಿರುತ್ತವೆ, ಒಂದೊಂದು ಗೆರೆಗೂ ಅಲ್ಲಿ ಪಾಯಿಂಟ್ ಎನ್ನುತ್ತಾರೆ, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. 'ಎರಡು ಪಾಯಿಂಟ್ ಯಾರ್ ಸಾರ್ ನೋಡ್ತಾರೆ' ಎಂದು ಮುತ್ತು ನಕ್ಕಿದ್ದ. ನೋಡುವವನು ನಾನು, ಅದಕ್ಕೇ ನನ್ನನ್ನು ಇಲ್ಲಿ ಕೂರಿಸಿದ್ದಾರೆ ಎಂದು ಬಸಲಿಂಗ ಎಲ್ಲರೆದುರು ರಿಜಿಸ್ಟರ್ ಮುಂದೆ ತಳ್ಳಿ, ತಪ್ಪೊಪ್ಪಿಗೆಯ ಒಂದೇ ಒಂದು ಸಾಲನ್ನು ಬಾಯಲ್ಲೇ ಹೇಳಿ ಬರೆಸಿದ. ಮುತ್ತು ಆರು ವರ್ಷದಿಂದ ಕೆಲಸದಲ್ಲಿರುವ ಮನುಷ್ಯ, ವಯಸ್ಸಿನಲ್ಲಿ ಬಸಲಿಂಗನಿಗಿಂತ ದೊಡ್ಡವನು. 'ಕನ್ನಡ ಬರೆಯಕ್ಕೆ ಬರಲ್ಲ ಸಾರ್, ತಮಿಳಲ್ಲಿ ಬರೀತೀನಿ' ಎಂದು ಕೂತವನು ಮೂರೂವರೆ ಸಾಲು ಬರೆದ. ಜಗತ್ತಿನ ಯಾವ ಭಾಷೆಯಲ್ಲಿಯೂ ಒಂದು ಸಾಲು ಮೂರೂವರೆ ಸಾಲಾಗಲು ಸಾಧ್ಯವಿಲ್ಲ. ಉಳಿದ ಎರಡೂವರೆ ಸಾಲಿನಲ್ಲಿ ತನ್ನ ವಂಶವನ್ನೇ ಜಾಲಾಡಿರಬೇಕು ಎಂದು ಬಸಲಿಂಗನಿಗೆ ಖಾತ್ರಿಯಿತ್ತು, ಆದರೂ ಕೆಳಗೆ ಇನ್ಸ್‌ಪೆಕ್ಟರ್ ಎಂದು ಸಹಿ ಮಾಡಿದವನು ಅವನೇ.

'ಅಪ್ಪಾ, ಅಲ್ಲಾಡಬ್ಯಾಡ' ಎಂದಳು ಎಂಟು ವರ್ಷದ ಮಗಳು ಹೊಳೆವ್ವ. ಮೊಲವನ್ನು ಹಳೆಯ ಟವಲ್ಲಿನಲ್ಲಿ ಹಸಿಗೂಸಿನ ಹಾಗೆ ಸುತ್ತಿ ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಅಲ್ಲಾಡಬಾರದೆಂದು ಅವಳು ಹೇಳಿದ್ದು ಮೊಲಕ್ಕಲ್ಲ, ಅವನಿಗೆ. ಮುಂದಿನ ಹಲ್ಲುಗಳ ಪಕ್ಕದ ಸಂದಿಯಲ್ಲಿ ಸಿರಿಂಜಿನ ತುದಿ ತೂರಿಸಿ ಅವನು ಉಸಿರು ಬಿಗಿಹಿಡಿದು ಒತ್ತಿದ. ಸೂಜಿಯಿಲ್ಲದ ಪುಟ್ಟ ಸಿರಿಂಜು, ಅದರ ಮೈಮೇಲೂ ನೂರು ಸಣ್ಣ ಗೆರೆ. ಶುಕ್ರವಾರ ಸಂಜೆ ಅದನ್ನು ಮೊದಲ ಸಲ ಬೆಳಕಿಗೆ ಹಿಡಿದಾಗ ಪರಊರಿನಲ್ಲಿ ನಮ್ಮೂರಿನವನು ಸಿಕ್ಕ ಹಾಗಾಗಿತ್ತು ಅವನಿಗೆ. ಗೆರೆ ಎಣಿಸುವುದರಲ್ಲಿ ತನ್ನನ್ನು ಮೀರಿಸುವವರು ಈ ಪೀಣ್ಯದಲ್ಲಿ ಯಾರಿದ್ದಾರೆ? ಮೂರನೇ ಗೆರೆಗೆ ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಸಿರಪ್ ಎಳೆದು, ಸರಿಯಾಗಿ ಅಷ್ಟನ್ನೇ ಒಳಗೆ ಬಿಟ್ಟಿದ್ದ. ಈಗಲೂ ಹಾಗೆಯೇ ಬಿಟ್ಟ. ಒಂದು ಪುಟ್ಟ ಹನಿ. ಮೊಲ ಅದನ್ನು ನುಂಗಿತೋ ಇಲ್ಲವೋ ಎಂದು ತಿಳಿಯುವಷ್ಟೂ ಅದು ಇರಲಿಲ್ಲ. ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ಹೊಳೆವ್ವ ತಾರೀಕು, ಸಮಯ, 'ಔಷಧಿ: 3 ಪಾಯಿಂಟ್' ಎಂದು ಬರೆದಳು. 'ಹಿಕ್ಕೆ' ಎಂಬ ಕಾಲಮಿನಲ್ಲಿ ಸೊನ್ನೆ ಹಾಕಿದಳು. 'ಚೆಕ್ ಮಾಡಿದವರು' ಎಂಬಲ್ಲಿ ಸಹಿ ಮಾಡಿದಳು. ಶುಕ್ರವಾರದಿಂದ ಅದು ನಾಲ್ಕನೇ ಮೂರು, ನಾಲ್ಕನೇ ಸೊನ್ನೆ.

ಮೊಲದ ಹಿಕ್ಕೆಗಾಗಿ ಮನೆಮಂದಿಯೆಲ್ಲ ಹೀಗೆ ಕಾದು ಕೂರುವ ಕಾಲ ಬರುತ್ತದೆಂದು ಬಸಲಿಂಗನ ಹೆಂಡತಿ ಸವಿತಾ ಎಣಿಸಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ಅವಳ ಲೈನಿನ ಸೌಮ್ಯಾ ಮನೆ ಬದಲಾಯಿಸುವಾಗ ಕೊಟ್ಟ ಮೊಲ ಅದು, ದಿನವೂ ಮನೆ ತುಂಬ ಕರಿಮಣಿ ಚೆಲ್ಲಿದ ಹಾಗೆ ಹಾಕುತ್ತಿತ್ತು, ಅವಳು ಬೈದುಕೊಂಡೇ ಗುಡಿಸುತ್ತಿದ್ದಳು. ಬುಧವಾರದಿಂದ ಗುಡಿಸಲು ಏನೂ ಇಲ್ಲ. ಕೊತ್ತಂಬರಿ ಮೂಸಿ ಮುಖ ತಿರುಗಿಸಿತು, ಕ್ಯಾರೆಟ್ ಮುಟ್ಟಲಿಲ್ಲ, ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಹಲ್ಲು ಕಡಿಯುತ್ತ ಕೂತಿತು. ಈಗ ಸವಿತಾ ಪೊರಕೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸ್ವಲ್ಪ ಗಟ್ಟಿಯಾಗಿಯೇ ಕೇಳಿದಳು.

'ರೀ, ಪಿಳ್ಳಮ್ಮ ಇವತ್ತರ ಉಳಿತಾಳಿಲ್ಲೊ?'

ಬಸಲಿಂಗ ಗಾಬರಿಯಿಂದ ಕಿಟಕಿ ಮುಚ್ಚಿದ. ಪಿಳ್ಳಮ್ಮ ಎಂಬುದು ಮೊಲದ ಹೆಸರು. ಪಿಳ್ಳಮ್ಮ ಎಂಬುದು ಕೆಳಗಿನ ಮನೆಯಲ್ಲಿರುವ, ನೆಲಗದರನಹಳ್ಳಿಯ ಈ ಬೀದಿಯಲ್ಲಿ ಮೂರು ಕಟ್ಟಡಗಳಿರುವ, ಅವರ ಮನೆಯ ಓನರ್ ಹೆಂಗಸಿನ ಹೆಸರೂ ಹೌದು. ಎಪ್ಪತ್ತು ದಾಟಿದ ಪಿಳ್ಳಮ್ಮ ಜಗಲಿಯ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ಎಲೆಅಡಿಕೆ ಮೆಲ್ಲುತ್ತಾಳೆ, ತುಟಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಮೊಲ ಮನೆಗೆ ಬಂದ ದಿನ ಅದು ಬಾಯಾಡಿಸುವುದನ್ನು ನೋಡಿ ಹೊಳೆವ್ವ 'ಅಯ್ಯ, ಪಿಳ್ಳಮ್ಮಜ್ಜಿ!' ಎಂದಳು, ಆಮೇಲೆ ಯಾರು ಎಷ್ಟು ಹೇಳಿದರೂ ಮೊಲ ಬೇರೆ ಹೆಸರಿಗೆ ಕಿವಿ ಎತ್ತಲಿಲ್ಲ. ಬಿಸ್ಕತ್ತಿನ ಆಸೆ ತೋರಿಸಿ 'ಪಿಂಕಿ' ಎಂದು ಕರೆದು ನೋಡಿದ್ದ ಬಸಲಿಂಗ. ಬೈದು ಬಿಡಿಸೋಣವೆಂದರೆ ಮಗಳಿಗೆ ಇಟ್ಟದ್ದು ಅವನ ತಾಯಿಯ ಹೆಸರು. ತೀರಿಹೋದ ಅವ್ವನ ಹೆಸರು ಹಿಡಿದು ಗದರಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ, ಅತ್ತೆಯ ಹೆಸರೆಂದು ಸವಿತಾ ಅದನ್ನು ಬಾಯಲ್ಲಿ ತರುತ್ತಲೇ ಇರಲಿಲ್ಲ, 'ಅವ್ವಿ' ಎಂದು ಕರೆಯುತ್ತಿದ್ದಳು. ಅಜ್ಜಿಯ ಹೆಸರನ್ನು ಹೊತ್ತ ಹುಡುಗಿ ಅಜ್ಜಿಯ ಠೇಂಕಾರದಲ್ಲೇ ಬೆಳೆಯುತ್ತಿದ್ದಳು.

ಶುಕ್ರವಾರ ಸಂಜೆ ದಾಸರಹಳ್ಳಿಯ ಪ್ರಾಣಿಗಳ ಕ್ಲಿನಿಕ್ಕಿನಲ್ಲಿಯೂ ಈ ಹೆಸರಿನಿಂದ ಅವನ ಮಾನ ಹೋಗಿತ್ತು. ಮಾಲೀಕರ ಹೆಸರನ್ನು ಸೇರಿಸಿ ಕರೆಯುವುದು ಅಲ್ಲಿಯ ಪದ್ಧತಿ. ಸುತ್ತಲೂ ರಾಕಿ, ಸಿಂಬಾ ಎಂಬ ಹೆಸರಿನ ಎತ್ತರದ ನಾಯಿಗಳು ನಾಲಿಗೆ ಚಾಚಿ ಕೂತಿದ್ದಾಗ ಕಾಂಪೌಂಡರ್ 'ಪಿಳ್ಳಮ್ಮ ಬಸಲಿಂಗ! ಪಿಳ್ಳಮ್ಮ ಬಸಲಿಂಗ ಯಾರ್ರೀ?' ಎಂದು ಎರಡು ಸಲ ಕೂಗಿದ. ಎಪ್ಪತ್ತರ ಓನರ್ ಅಮ್ಮನನ್ನು ತಾನು ಮದುವೆಯಾದಂತೆ ಕೇಳಿಸಿ ಬಸಲಿಂಗ ಬುಟ್ಟಿ ಎದೆಗವಚಿಕೊಂಡು ಓಡಿದ. ಒಳಗೆ ಡಾಕ್ಟರ್ ಜ್ಯೋತಿಲಕ್ಷ್ಮಿ ಮೊಲವನ್ನು ಅಂಗಾತ ತಿರುಗಿಸಿ ನೋಡಿ, 'ಪಿಳ್ಳಮ್ಮ ಅಲ್ಲಾರೀ, ಇದು ಗಂಡು' ಎಂದಳು. ಕರುಳು ಓಡಾಟ ನಿಲ್ಲಿಸಿಬಿಟ್ಟಿದೆ, ಮೊಲಕ್ಕೆ ಇದು ಆಟದ ಮಾತಲ್ಲ, ಭಾನುವಾರ ಸಂಜೆಯೊಳಗೆ ಹಿಕ್ಕೆ ಹಾಕದಿದ್ದರೆ ನಾನು ಗ್ಯಾರಂಟಿ ಕೊಡಲಾರೆ ಎಂದಳು. ಇಂಜೆಕ್ಷನ್ ಚುಚ್ಚಿ, ಸೊಪ್ಪು ರುಬ್ಬಿ ಕುಡಿಸಲು ಹೇಳಿ, ಕರುಳು ನಡೆಸುವ ಸಿರಪ್ ಕೊಟ್ಟು, ಪ್ರಮಾಣವನ್ನು ಚೀಟಿಯ ಕೊನೆಗೆ ಬರೆದು ಬಾಯಲ್ಲೂ ಹೇಳಿದಳು. ಚೀಟಿಯನ್ನು ಬುಟ್ಟಿಯೊಳಗೆ ಇಟ್ಟದ್ದು ಅವನ ಬುದ್ಧಿ. ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದ ಒಂದೇ ಅಂಗವನ್ನು ಬಳಸಿ ಮೊಲ ಅದನ್ನು ತೋಯಿಸಿತು. ಕೊನೆಯ ಸಾಲು ನೀಲಿ ಕಲೆಯಾಯಿತು. ಆದರೇನು, ಅವನ ಕಿವಿಯಲ್ಲಿ ಲೆಕ್ಕ ಸ್ಪಷ್ಟವಾಗಿ ಇತ್ತು. ಮಗಳು ದಾರಿಯುದ್ದಕ್ಕೂ ಕೇಳಿದ್ದು ಒಂದೇ, 'ಅಪ್ಪಾ, ಸಾಯಂಗಿಲ್ಲಲ್ಲ?' ಅವನು ಹೇಳಿದ್ದೂ ಒಂದೇ, 'ಅಳತಿ ನನ್ನ ಕೈಯಾಗ ಐತಿ, ಹೆಂಗ ಸಾಯತೈತಿ?'

ಕಿಟಕಿ ಮುಚ್ಚುವುದು ತಡವಾಗಿತ್ತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು, ಪಿಳ್ಳಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ಬಾಯಿ ಮೆಲ್ಲುತ್ತಿರಲಿಲ್ಲ. ಅವಳ ಬಾಯಿ ನಿಂತದ್ದನ್ನು ಬಸಲಿಂಗ ನೋಡಿದ್ದು ಅದೇ ಮೊದಲು.

'ಏನಪ್ಪಾ ಬಸ್ಲಿಂಗಪ್ಪಾ, ಮೂರ್ ದಿನದಿಂದ ಕೇಳಿಸ್ಕತಾ ಇವ್ನಿ. ಪಿಳ್ಳಮ್ಮ ತಿನ್ನಕಿಲ್ಲ, ಪಿಳ್ಳಮ್ಮಂಗೆ ಒಟ್ಟೆ ಕಟ್ಕಂಡದೆ, ಪಿಳ್ಳಮ್ಮ ಉಳೀತಾಳಾ ಓಯ್ತಾಳಾ. ನಾನ್ ನಿಮ್ಗೆ ಏನ್ ಮಾಡಿದ್ನಪ್ಪಾ? ಬದುಕಿರೋಳ್ಗೆ ಇಂಗೆಲ್ಲಾ ಅನ್ಬೋದಾ?'

'ಅಮ್ಮಾರ, ಅದು ನೀವಲ್ರಿ' ಎಂದ ಬಸಲಿಂಗ. ಮುಂದೆ ಏನು ಹೇಳಬೇಕೆಂದು ತಿಳಿಯದೆ, 'ನಮ್ಮೂರಾಗ ಒಬ್ಬಾಕಿ ಅದಾಳ್ರಿ, ದೂರದ ಸಂಬಂಧ, ಆಕಿ ಹೆಸರೂ ಪಿಳ್ಳಮ್ಮ' ಎಂದ. ಬಾಗಲಕೋಟೆಯ ಕಡೆಗೆ ಪಿಳ್ಳಮ್ಮ ಎಂಬ ಹೆಸರಿನ ಒಂದು ಹೆಣ್ಣೂ ಹುಟ್ಟಿಲ್ಲವೆಂಬುದು ಸವಿತಾಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಹೊಳೆವ್ವ ಟವಲ್ಲಿನ ಗಂಟು ಎತ್ತಿಕೊಂಡು ನೇರ ಬಾಗಿಲಿಗೆ ಹೋದಳು.

'ಅಜ್ಜಿ, ಇದ ಪಿಳ್ಳಮ್ಮ. ನಿಮ್ಮ ಹೆಸರು ನಾನ ಇಟ್ಟೀನಿ. ನಮ್ಮ ಕಡೆ ದೊಡ್ಡೋರ ಹೆಸರ ಇಡೋದು. ನಂಗ ನಮ್ಮಜ್ಜಿ ಹೆಸರು ಇಟ್ಟಾರ. ದೊಡ್ಡೋರ ಹೆಸರು ಇದ್ದೋರಿಗೆ ಯಾರೂ ಬೈಯಂಗಿಲ್ಲ.'

ಪಿಳ್ಳಮ್ಮ ಮೊಲವನ್ನು ನೋಡಿದಳು. ಮೊಲ ಪಿಳ್ಳಮ್ಮನನ್ನು ನೋಡಿತು. ಇಬ್ಬರ ಬಾಯಿಯೂ ನಿಂತಿತ್ತು. ಮನೆ ಖಾಲಿ ಮಾಡಬೇಕಾದರೆ ಮಗಳ ಶಾಲೆ ಏನಾಗುತ್ತದೆ ಎಂದು ಬಸಲಿಂಗ ಆಗಲೇ ಯೋಚಿಸತೊಡಗಿದ್ದ. ಪಿಳ್ಳಮ್ಮ ಬೆರಳಿನಿಂದ ಮೊಲದ ಹಣೆ ಮುಟ್ಟಿ, 'ನನ್ ಮಮ್ಮಕ್ಳು ಐದ್ ಜನ ಅವ್ರೆ, ಒಂದ್ಕಾದ್ರೂ ನನ್ನೆಸ್ರು ಮಡಗ್ನಿಲ್ಲ ಮುಂಡೇವು. ಅಳೇ ಎಸ್ರಂತೆ' ಎಂದಳು. ಅಷ್ಟು ಹೇಳುವಾಗ ಅವಳ ದನಿ ಸ್ವಲ್ಪ ಒಡೆಯಿತು, ತಕ್ಷಣ ಸರಿಯಾಯಿತು. 'ನನ್ನೆಸ್ರು ಮಡಗ್ಬುಟ್ಟು ಈಗ ಸಾಯಕ್ ಬುಡ್ತೀರಾ? ಇವತ್ತು ಇದು ಒಂಟೋದ್ರೆ ನಾಳಿಕ್ಕೆ ಊರ್ನೋರೆಲ್ಲ ಪಿಳ್ಳಮ್ಮ ಸತ್ಲಂತೆ ಅಂತ ಊಮಾಲೆ ತಕ್ಕಂಡ್ ಬತ್ತಾರೆ. ಇಕ್ಕೆ ಆಕ್ತಾ?'

'ಇಲ್ಲಜ್ಜಿ. ಮತ್ತ ಇದು ಗಂಡಂತ' ಎಂದಳು ಹೊಳೆವ್ವ.

'ಗಂಡ್ಗೆ ನನ್ನೆಸ್ರಾ?' ಎಂದು ಪಿಳ್ಳಮ್ಮ ಒಂದು ಗಳಿಗೆ ಕಂಗಾಲಾದಳು. ನಂತರ ಚಾಪೆಯ ಮೇಲೆ ಕೂತು ಮೊಲದ ಹೊಟ್ಟೆಯನ್ನು ಎರಡು ಬೆರಳಿನಿಂದ ಸುತ್ತಲೂ ಒತ್ತಿ ನೋಡಿದಳು. ಬಡಾವಣೆಯಾಗುವ ಮೊದಲು ಇದೇ ಜಾಗದಲ್ಲಿ ಅವಳ ಮನೆಗೆ ಅರವತ್ತು ಕುರಿಗಳಿದ್ದವು. ಎಷ್ಟು ಔಷಧಿ ಹಾಕುತ್ತೀರಿ, ತೋರಿಸಿ ಎಂದಳು. ಬಸಲಿಂಗನಿಗೆ ಒಂದಿಷ್ಟು ಧೈರ್ಯ ಬಂತು, ಇದು ಅವನ ಸೀಮೆ. ಸಿರಿಂಜಿನಲ್ಲಿ ಮೂರನೇ ಗೆರೆಗೆ ಎಳೆದು, ಗಾಳಿಗುಳ್ಳೆಯಿಲ್ಲದಂತೆ ತಟ್ಟಿ, ಬಾಗಿಲ ಬೆಳಕಿಗೆ ಹಿಡಿದು ತೋರಿಸಿದ. ಪಿಳ್ಳಮ್ಮ ಕಣ್ಣು ಕಿರಿದು ಮಾಡಿದಳು, ಕನ್ನಡಕ ಒರೆಸಿಕೊಂಡಳು.

'ಎಲ್ಲಪ್ಪಾ ಅದೆ ಔಸ್ದಿ? ಕಾಣಕಿಲ್ವಲ್ಲ. ಸೊಳ್ಳೆಗ್ ಉಯ್ತಿದ್ದೀಯೋ ಮೊಲಕ್ಕೋ?'

ಡಾಕ್ಟರು ಹೇಳಿದ ಲೆಕ್ಕ ಇದು ಎಂದು ಬಸಲಿಂಗ ಬಿಗಿಯಾಗಿಯೇ ಹೇಳಿದ. ಹಾಗಾದರೆ ಆ ಡಾಕ್ಟರನ್ನೇ ಕೇಳು ಎಂದಳು ಪಿಳ್ಳಮ್ಮ. ಇವತ್ತು ಭಾನುವಾರ, ಕ್ಲಿನಿಕ್ ಇಲ್ಲ, ಪಾಪ ಅವರಿಗೂ ಒಂದು ದಿನ ಎಂದು ಏನೇನೋ ಗೊಣಗುತ್ತ ಅವನು ಫೋನ್ ಹಿಡಿದು ಬಾಲ್ಕನಿಗೆ ಹೋದ. ನಾಚಿಕೆಗೆ ಕಾರಣವೇನೂ ಇಲ್ಲದಿದ್ದರೂ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ.

'ಎಷ್ಟು ಕೊಡ್ತಿದೀರ?' ಎಂದಳು ಜ್ಯೋತಿಲಕ್ಷ್ಮಿ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

'ಮೂರು ಪಾಯಿಂಟ್ ಮೇಡಂ. ಕರೆಕ್ಟಾಗಿ.'

'ಪಾಯಿಂಟ್ ಮೂರು ತಾನೆ? ಸರಿ ಇದೆ. ಆದ್ರೂ ಆಗ್ತಿಲ್ವಾ?' ಅವಳಿಗೆ ಏನೋ ಅನುಮಾನ ಬಂತು. 'ಇರಿ, ಸಿರಿಂಜಲ್ಲಿ ಎಷ್ಟನೇ ಗೆರೆಗೆ ಎಳೀತೀರ?'

'ಮೂರನೇ ಗೆರೆಗೆ ಮೇಡಂ.'

ಕುಕ್ಕರ್ ಇನ್ನೊಮ್ಮೆ ಕೂಗಿತು. 'ಅಯ್ಯೋ ಸಾರ್, ಮೂವತ್ತನೇ ಗೆರೆ! ಒಂದು ಎಂ.ಎಲ್. ಸಿರಿಂಜು ಅದು, ನೂರು ಗೆರೆ. ಪಾಯಿಂಟ್ ಮೂರು ಅಂದ್ರೆ ಹತ್ತರಲ್ಲಿ ಮೂರು ಪಾಲು. ನೀವು ಹತ್ತನೇ ಒಂದು ಭಾಗ ಕೊಟ್ಟಿದೀರ ಅಷ್ಟೆ. ಸದ್ಯ, ಜಾಸ್ತಿ ಕೊಟ್ಟಿಲ್ವಲ್ಲ. ಈಗ್ಲೇ ಪೂರ್ತಿ ಡೋಸ್ ಕೊಡಿ, ಬೆಚ್ಚಗಿಡಿ, ಸಂಜೆ ಐದಕ್ಕೆ ಫೋನ್ ಮಾಡಿ. ಏನ್ ಕೆಲಸ ಸಾರ್ ನೀವು ಮಾಡೋದು?'

ಬಸಲಿಂಗ 'ಫ್ಯಾಕ್ಟರಿ ಮೇಡಂ' ಎಂದಷ್ಟೇ ಹೇಳಿದ. ಬಾಲ್ಕನಿಯ ಕಂಬಿ ಹಿಡಿದು ನಿಂತ. ಕೆಳಗೆ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಹಿಂದಕ್ಕೆ ಹೋಗುತ್ತಿತ್ತು, ಅದರ ಕ್ಲೀನರ್ 'ಬರ್ಲಿ ಬರ್ಲಿ, ಇನ್ನೊಂಚೂರು' ಎಂದು ತಟ್ಟುತ್ತಿದ್ದ. ಇನ್ನೊಂಚೂರು ಎಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ, ಟ್ಯಾಂಕರ್ ಸರಿಯಾದ ಜಾಗದಲ್ಲೇ ನಿಂತಿತು. ಹತ್ತು ಪಟ್ಟು. ಮುತ್ತು ತಪ್ಪಿದ್ದು ಎರಡು ಗೆರೆ, ಇವನು ಇಪ್ಪತ್ತೇಳು. ಅದೂ ಒಂದು ಸಲವಲ್ಲ, ನಾಲ್ಕು ಸಲ, ಪ್ರತಿ ಸಲವೂ ಬೆಳಕಿಗೆ ಹಿಡಿದು ಹೆಮ್ಮೆ ಪಟ್ಟು. ಪಾಯಿಂಟ್ ಮೂರು ಎಂಬುದನ್ನು ತಿರುಗಿಸಿ ಮೂರು ಪಾಯಿಂಟ್ ಮಾಡಿಕೊಂಡದ್ದು ಕಿವಿಯಲ್ಲ, ಹದಿನಾಲ್ಕು ವರ್ಷದ ಕೆಲಸ. ಒಂದು ಸಲ ಕೇಳಬಹುದಿತ್ತು, 'ಎಷ್ಟನೇ ಗೆರೆ ಮೇಡಂ' ಎಂದು. ಕೇಳುವುದು ಗೊತ್ತಿಲ್ಲದವರ ಕೆಲಸವೆಂದು ಅವನಿಗೆ ಅನ್ನಿಸಿತ್ತು. ಅವನಿಗೆ ನಿಜಕ್ಕೂ ಭಯವಾಯಿತು. ಒಳಗೆ ಹೋದಾಗ ಮೂರು ಜೋಡಿ ಕಣ್ಣು, ಮೊಲದ್ದೂ ಸೇರಿದರೆ ನಾಲ್ಕು, ಅವನನ್ನೇ ನೋಡುತ್ತಿದ್ದವು.

'ಡೋಸ್ ಏರಸ್ಯಾರ' ಎಂದುಬಿಟ್ಟ. 'ಮೂವತ್ತು ಮಾಡಂದ್ರು.'

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅದು ನಿಜವೆನ್ನಿಸಿತು. ಮೂವತ್ತನೇ ಗೆರೆಗೆ ಎಳೆದ ಸಿರಪ್ಪು ಮೊದಲ ಸಲ ಗುಲಾಬಿ ಬಣ್ಣದಲ್ಲಿ ಕಂಡಿತು. ಮೊಲ ಅದನ್ನು ಚಪ್ಪರಿಸಿ ನುಂಗಿ, ಗಲ್ಲ ಒದ್ದೆ ಮಾಡಿಕೊಂಡಿತು. 'ಮೊದಲ ಯಾಕ ಅಷ್ಟ ಕಡಿಮಿ ಹೇಳಿದ್ಲಂತ?' ಎಂದು ಸವಿತಾ ಸಿಟ್ಟಾದಳು. 'ಎಂಥಾ ಡಾಕ್ಟರ್ ಅಕಿ? ಎರಡು ದಿನ ಜೀವ ತಿಂದ್ಲಲ್ಲ.' ಪಿಳ್ಳಮ್ಮ ಇನ್ನೂ ಮುಂದೆ ಹೋದಳು. 'ನನ್ ತಮ್ಮನ್ ಮಗ ಆ ಕಿಲಿನಿಕ್ ಪಕ್ಕದಾಗೇ ಅಂಗಡಿ ಮಡಗವ್ನೆ. ನಾಳೀಕೆ ನಾನೇ ಓಗಿ ಅವ್ಳ್ನ ಇಚಾರಿಸ್ಕತೀನಿ. ಪಿಳ್ಳಮ್ಮ ಅಂದ್ರೆ ಏನಂದ್ಕಂಡವ್ಳೆ?' ಬಸಲಿಂಗ ಬೇಡವೆಂದ, ಹೋಗಲಿ ಬಿಡಿ ಎಂದ, ದೊಡ್ಡ ಮನಸ್ಸು ಮಾಡಿದವನಂತೆ ಕಂಡ. 'ನೀವು ಭಾಳ ಮೆತ್ತಗ' ಎಂದು ಹೆಂಡತಿ ಅವನನ್ನು ಪ್ರೀತಿಯಿಂದ ನೋಡಿದಳು. ಆ ನೋಟವನ್ನು ಅವನಿಗೆ ಸಹಿಸಲಾಗಲಿಲ್ಲ.

ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಪಿಳ್ಳಮ್ಮ ಕೆಳಗಿನಿಂದ ಮುದ್ದೆ, ಸೊಪ್ಪಿನ ಸಾರು ಕಳಿಸಿದಳು, ಬಸಲಿಂಗ ಮುದ್ದೆಯನ್ನು ಅಭ್ಯಾಸವಿಲ್ಲದೆ ಅಗಿದು ಹಲ್ಲಿಗೆ ಅಂಟಿಸಿಕೊಂಡ. ಮೊಲ ಮೂಲೆಯಲ್ಲಿ ಕೂತೇ ಇತ್ತು. ಮೂರು ಗಂಟೆಗೆ ಚಾರ್ಟಿನ ಮುಂದೆ ಪೆನ್ನು ಹಿಡಿದು ನಿಂತ ಹೊಳೆವ್ವ, 'ಅಪ್ಪಾ, ಮೂರು ಮೂರು ಮೂರು ಮೂರು ಆಮ್ಯಾಲ ಮೂವತ್ತು. ನಡುವ ಹತ್ತು ಇಪ್ಪತ್ತು ಯಾಕ ಇಲ್ಲ?' ಎಂದು ಕೇಳಿದಳು. ಇನ್ಸ್‌ಪೆಕ್ಟರನ ಮಗಳು. ಅವನು ಲೋಟ ಎತ್ತಿ ನೀರು ಕುಡಿದ. ಚಾರ್ಟಿನ ಕೊನೆಯ ಕಾಲಮನ್ನು ಅವನೇ ಶುಕ್ರವಾರ ಸ್ಕೇಲ್ ಹಿಡಿದು ಗೆರೆ ಎಳೆದು ಮಾಡಿದ್ದ. ಫ್ಯಾಕ್ಟರಿಯಲ್ಲಿದ್ದ ಹಾಗೆಯೇ ಮೇಲೆ 'ಷರಾ' ಎಂದು ಬರೆದಿದ್ದ. ಅದು ಖಾಲಿಯಿತ್ತು. ನಿನ್ನೆ ರಿಜಿಸ್ಟರಿನ ಮೇಲೆ ಬಾಗಿದ ಮುತ್ತುವಿನ ಕತ್ತಿನ ಹಿಂಭಾಗ ನೆನಪಾಯಿತು, ಅಲ್ಲಿ ಎಣ್ಣೆಮಸಿಯ ಒಂದು ಗೆರೆ ಇತ್ತು, ಬರೆಯುವಾಗ ಅದು ಮೇಲೆ ಕೆಳಗೆ ಆಡುತ್ತಿತ್ತು. ಈ ಹುಡುಗಿಯ ರೂಪದಲ್ಲಿ ಅವ್ವನ ಹೆಸರೇ ಎದುರು ನಿಂತು ತನ್ನನ್ನು ನೋಡುತ್ತಿದೆ ಎನ್ನಿಸಿತು. ಮೊಲ ಸತ್ತ ಮೇಲೆ ಹೇಳಿದರೆ ಅದು ಹೇಳಿದಂತಲ್ಲ, ಬದುಕಿದ ಮೇಲೆ ಹೇಳಿದರೂ ಅಲ್ಲ. ಅವನು ಮಗಳ ಕೈಯಿಂದ ಪೆನ್ನು ತೆಗೆದುಕೊಂಡ.

'ಅಳತೆ ಸರಿಯಾಗಿ ನೋಡದೆ ಕೆಲಸ ಮಾಡಿದ್ದು ನನ್ನ ತಪ್ಪು' ಎಂದು ಷರಾ ಕಾಲಮಿನಲ್ಲಿ ಬರೆದ. ಮುತ್ತುವಿಗೆ ಹೇಳಿ ಬರೆಸಿದ ಸಾಲೇ ಅದು, ಅಕ್ಷರ ಅಕ್ಷರ. ಬರೆದು ಮುಗಿಸಿ ಸಹಿ ಮಾಡಬೇಕು, ಪೆನ್ನು ನಿಲ್ಲಲಿಲ್ಲ. ಪಾಯಿಂಟ್ ಮೂರು ಮತ್ತು ಮೂರು ಪಾಯಿಂಟ್ ಒಂದೇ ಥರ ಕೇಳಿಸುತ್ತವೆ ಎಂದು ಬರೆದ. ಚೀಟಿ ತೊಯ್ದಿತ್ತು ಎಂದು ಬರೆದ. ಡಾಕ್ಟರ್ ಸರಿಯಾಗಿಯೇ ಹೇಳಿದ್ದರು, ಕೇಳಲು ನನಗೆ ನಾಚಿಕೆಯಾಯಿತು ಎಂದೂ ಬರೆದ. ಸಹಿ ಮಾಡಿ ಹಿಂದೆ ಸರಿದು ನೋಡಿದರೆ ಮೂರೂವರೆ ಸಾಲು ಆಗಿತ್ತು.

ಮುತ್ತು ಏನು ಬರೆದಿದ್ದಾನೆಂದು ಈಗ ಅವನಿಗೆ ತಮಿಳು ಬಾರದೆಯೂ ತಿಳಿಯಿತು. ಬೈಗುಳವಲ್ಲ. ಟೂಲ್ ಸವೆದಿತ್ತು ಎಂದೋ, ಬದಲಾಯಿಸಿ ಎಂದು ಎರಡು ದಿನದಿಂದ ಹೇಳುತ್ತಿದ್ದೆ ಎಂದೋ, ನನ್ನ ಮಾತು ಯಾರೂ ಕೇಳಲಿಲ್ಲ ಎಂದೋ. ಒಂದೇ ಸಾಲಿನಲ್ಲಿ ತನ್ನ ತಪ್ಪು ಬರೆದು ಸುಮ್ಮನಾಗುವ ಮನುಷ್ಯ ಎಲ್ಲೂ ಇರುವುದಿಲ್ಲ. ನಾಳೆ ಬೆಳಿಗ್ಗೆ ಅವನನ್ನೇ ಕೂರಿಸಿಕೊಂಡು ಓದಿಸಬೇಕು, ಕನ್ನಡದಲ್ಲಿ ಹೇಳು ಮಾರಾಯ ಎಂದು ಕೇಳಬೇಕು. ಈ ಸಲ ಕೇಳಬೇಕು.

ಹೊಳೆವ್ವ ಬೆರಳಿಟ್ಟು ಎಲ್ಲವನ್ನೂ ಓದಿದಳು. ಸವಿತಾ ಅವಳ ತಲೆಯ ಮೇಲಿಂದ ಓದಿ, ಗಂಡನನ್ನು ನೋಡಿ, ಮೆತ್ತಗಿನ ಮನುಷ್ಯನ ವಿಷಯ ಇನ್ನೇನೂ ಹೇಳದೆ ಒಳಗೆ ಹೋದಳು. ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯೇ ಕೇಳಿಸಿತು. ಮಗಳು ಮಾತ್ರ ಯೋಚಿಸಿ, 'ಚೆಕ್ ಮಾಡಿದವರು' ಎಂಬಲ್ಲಿರುವ ತನ್ನ ನಾಲ್ಕು ಸಹಿಗಳನ್ನು ತೋರಿಸಿದಳು. 'ನಾನೂ ಕೇಳಲಿಲ್ಲಪ್ಪ. ನಂದೂ ತಪ್ಪ' ಎಂದು ಅವನ ಸಹಿಯ ಕೆಳಗೆ ತನ್ನದನ್ನೂ ಹಾಕಿದಳು. ಬಸಲಿಂಗನಿಗೆ ಅಳು ಬಂತು, ಅವನು ಅದನ್ನು ತಡೆಯಲೂ ಇಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ, ಡಾಕ್ಟರಿಗೆ ಫೋನ್ ಮಾಡಲೆಂದು ಅವನು ನಂಬರ್ ಹುಡುಕುತ್ತಿದ್ದಾಗ, ಮೂಲೆಯಲ್ಲಿ ಪೇಪರಿನ ಮೇಲೆ ಏನೋ ಟಪ್ಪೆಂದಿತು. ಮೊಲ ಎದ್ದು, ಮೈ ಉದ್ದ ಮಾಡಿ, ಕೊತ್ತಂಬರಿಯ ಒಂದು ದಂಟನ್ನು ಎಳೆದುಕೊಂಡು ಬಾಯಾಡಿಸತೊಡಗಿತು. ಅದು ಬಿಟ್ಟೆದ್ದ ಜಾಗದಲ್ಲಿ ಒಂದು ಹಿಕ್ಕೆ ಇತ್ತು. ಬಸಲಿಂಗ ಮೊಣಕಾಲೂರಿ ಕೂತು, ಬ್ಯಾಗಿನಿಂದ ಅಳೆಯುವ ವರ್ನಿಯರ್ ತೆಗೆದು, ಮತ್ತೆ ಯಾಕೋ ಅದನ್ನು ಒಳಗೆ ಇಟ್ಟು, ಬರಿಗಣ್ಣಿನಿಂದಲೇ ನೋಡಿದ.

'ಪಾಸಾ, ಅಪ್ಪಾ?'

'ಪಾಸ್ ಅವ್ವಾ.'

ಹೊಳೆವ್ವ ಬಾಲ್ಕನಿಗೆ ಓಡಿ, ಕಂಬಿಯ ಮೇಲೆ ಬಾಗಿ, ಇಡೀ ನೆಲಗದರನಹಳ್ಳಿಗೆ ಕೇಳಿಸುವಂತೆ ಕೂಗಿದಳು: 'ಪಿಳ್ಳಮ್ಮ ಹಿಕ್ಕಿ ಹಾಕಿದ್ಲೂ!'

ಎದುರಿನ ಅಂಗಡಿಯವನು ತೂಕದ ಕಲ್ಲು ಹಿಡಿದುಕೊಂಡೇ ಹೊರಗೆ ಬಂದ. ಕೆಳಗೆ ಜಗಲಿಯ ಮೇಲೆ, ಎಲೆಅಡಿಕೆ ತುಂಬಿದ ಬಾಯನ್ನು ಪಕ್ಕಕ್ಕೆ ಸರಿಸಿಕೊಂಡು, ಪಿಳ್ಳಮ್ಮ ಅಷ್ಟೇ ಗಟ್ಟಿಯಾಗಿ ಕೂಗಿದಳು:

'ಆಕಿದ್ಲು ಅಲ್ಲ ಕಣಮ್ಮೀ, ಆಕ್ದ ಅನ್ನು! ಗಂಡು ಅದು!'